ವಂಡರ್‌ಲಾಗೆ ಏಳು ಜನ: ಟಿಕೆಟ್ ದುಡ್ಡು ನಿಜವಾಗಿ ಉಳಿಯುವುದು ಎಲ್ಲಿ?

ಪ್ರಶ್ನೆ: ಸರ್, ನಾವು ತುಮಕೂರಿನ ಕ್ಯಾತ್ಸಂದ್ರದವರು. ಈ ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗೋಣ ಅಂತ ಮಾತಾಡಿಕೊಂಡಿದ್ದೇವೆ. ನಾನು, ನಮ್ಮ ಯಜಮಾನರು, ಸೆಕೆಂಡ್ ಪಿಯುಸಿ ಪರೀಕ್ಷೆ ಬರೆದಿರುವ ಮಗ, ಐದನೇ ಕ್ಲಾಸಿನ ಮಗಳು, ನಾದಿನಿ, ಅವಳ ಎರಡು ವರ್ಷದ ಮಗು, 64 ವರ್ಷದ ಅತ್ತೆ. ಒಟ್ಟು ಏಳು ಜನ. ಅತ್ತೆಗೆ ಮಂಡಿ ನೋವು. ಮೊಬೈಲಲ್ಲಿ ನೋಡಿದರೆ ದಿನಕ್ಕೊಂದು ರೇಟು ತೋರಿಸುತ್ತದೆ. ಫಾಸ್ಟ್‌ಟ್ರ್ಯಾಕ್ ಅಂತೆ, ಊಟ ಸೇರಿಸಿದ ಕಾಂಬೊ ಅಂತೆ, ಕೂಪನ್ ಅಂತೆ. ಯಾವುದು ತಗೊಂಡರೆ ಖರ್ಚು ಕಡಿಮೆ? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಕೂಪನ್ ಹುಡುಕುವ ಮೊದಲು ಮನೆಯಲ್ಲಿ ಒಂದು ಟೇಪು ಹುಡುಕಿ. ಟೈಲರ್ ಹತ್ತಿರ ಇರುತ್ತಲ್ಲ, ಅಂಥದ್ದು. ನಿಮ್ಮ ಮನೆಯ ಲೆಕ್ಕದಲ್ಲಿ ಕೂಪನ್‌ಗಿಂತ ದೊಡ್ಡ ಮೊತ್ತ ಆ ಟೇಪಿನಲ್ಲೇ ಇದೆ.

ಯಾಕೆ ಅಂದರೆ, ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್‌ಗೆ ವಯಸ್ಸು ನೋಡುವುದಿಲ್ಲ, ಎತ್ತರ ನೋಡುತ್ತಾರೆ. 85 ಸೆಂ.ಮೀ. ಒಳಗಿನ ಮಗುವಿಗೆ ಟಿಕೆಟ್ ಇಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. 140 ದಾಟಿದರೆ ಮೂರನೇ ಕ್ಲಾಸಿನವರಾದರೂ ದೊಡ್ಡವರೇ. ನಮ್ಮ ಅಳತೆಯಲ್ಲಿ ಹೇಳಬೇಕೆಂದರೆ 140 ಅಂದರೆ ನಾಲ್ಕು ಅಡಿ ಏಳು ಅಂಗುಲ. 85 ಅಂದರೆ ಎರಡು ಅಡಿ ಒಂಬತ್ತೂವರೆ ಅಂಗುಲದ ಹತ್ತಿರ.

ಈಗ ನಿಮ್ಮ ಮನೆಯ ಮಕ್ಕಳನ್ನು ನೋಡಿ. ಇಬ್ಬರೂ ಸರಿಯಾಗಿ ಗೆರೆಯ ಮೇಲೇ ನಿಂತಿದ್ದಾರೆ. ಐದನೇ ಕ್ಲಾಸಿನ ಹುಡುಗಿಯರು 135 ಇರುತ್ತಾರೆ, 142 ಕೂಡ ಇರುತ್ತಾರೆ. ಎರಡು ವರ್ಷದ ಮಗುವಂತೂ 85ರ ಆಸುಪಾಸಿನಲ್ಲೇ ಇರುವುದು. ಗೋಡೆಗೆ ಬೆನ್ನು ತಾಗಿಸಿ, ಚಪ್ಪಲಿ ಬಿಚ್ಚಿಸಿ ನಿಲ್ಲಿಸಿ. ತಲೆಯ ಮೇಲೆ ಒಂದು ನೋಟ್‌ಬುಕ್ ಮಟ್ಟವಾಗಿ ಇಟ್ಟು, ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಮಗು ಸುಮ್ಮನೆ ನಿಲ್ಲುವುದಿಲ್ಲ, ಗೊತ್ತು. ಮಲಗಿದ್ದಾಗ ಅಳೆದರೆ ಅರ್ಧ ಸೆಂಟಿಮೀಟರೋ ಮುಕ್ಕಾಲೋ ಜಾಸ್ತಿ ಬರುತ್ತದೆ, ಅಷ್ಟನ್ನು ಕಳೆಯಿರಿ. ಈಗ 84 ಇದ್ದರೆ ಮೇ ಕೊನೆಯವರೆಗೆ ಕಾಯಬೇಡಿ. ಆ ವಯಸ್ಸಿನಲ್ಲಿ ತಿಂಗಳಿಗೆ ಒಂದು ಸೆಂಟಿಮೀಟರಿನ ಹತ್ತಿರ ಬೆಳೆಯುತ್ತವೆ.

ಬಾಗಿಲಲ್ಲಿ ಅಳತೆಗೋಲು ಇರುತ್ತದೆ. ಅಲ್ಲಿ ಆಟ ನಡೆಯುವುದಿಲ್ಲ. ಬಿಡದಿಯ ಪಾರ್ಕ್ ಶುರುವಾಗಿದ್ದು 2005ರಲ್ಲಿ. ಸ್ವಲ್ಪ ದಿನಕ್ಕೇ ನಾನು ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಹೋಗೋಕೆ ಶುರುಮಾಡಿದೆ. ಒಂದು ಸಲ ನನ್ನ ಮುಂದೆ ಒಬ್ಬ ಅಪ್ಪ, ಮಗ ನಿಂತಿದ್ದರು. ಅಪ್ಪ ಬಗ್ಗಿ ಮಗನ ಕಿವಿಯಲ್ಲಿ "ಮಂಡಿ ಸ್ವಲ್ಪ ಬಗ್ಗಿಸೋ" ಅಂದ. ಹುಡುಗ ಬಗ್ಗಿಸಲಿಲ್ಲ. ಎದೆ ಉಬ್ಬಿಸಿದ, ಹಿಮ್ಮಡಿ ಎತ್ತಿದ, ಎರಡು ಬೆರಳು ಜಾಸ್ತಿಯೇ ಬೆಳೆದ. ಅಪ್ಪನಿಗೆ ಬೇಕಿದ್ದದ್ದು ಮಕ್ಕಳ ಟಿಕೆಟ್. ಮಗನಿಗೆ ಬೇಕಿದ್ದದ್ದು ದೊಡ್ಡ ರೋಲರ್ ಕೋಸ್ಟರ್. ಅಳೆಯುತ್ತಿದ್ದ ಹುಡುಗಿ ನಗು ತಡೆದುಕೊಂಡು "ಹಿಮ್ಮಡಿ ಕೆಳಗಿಡು ಪುಟ್ಟಾ" ಅಂದಳು. ಕೆಳಗಿಟ್ಟರೂ 141. ಅಪ್ಪ ಬಾಕಿ ದುಡ್ಡು ಕಟ್ಟಿದ. ಹುಡುಗ ಜಗತ್ತು ಗೆದ್ದವನ ಹಾಗೆ ಒಳಗೆ ಓಡಿದ.

ಆ ಹುಡುಗನ ಲೆಕ್ಕವೂ ತಪ್ಪಲ್ಲ. ಜೋರಾದ ಆಟಗಳಿಗೆ ಕನಿಷ್ಠ ಇಷ್ಟು ಎತ್ತರ ಇರಲೇಬೇಕು ಅಂತ ನಿಯಮ ಇದೆ. ಅದು ಸುರಕ್ಷತೆಗೆ. ಸೀಟಿನ ಲಾಕು ದೊಡ್ಡ ಮೈಗೆ ಅಂತ ಮಾಡಿದ್ದು, ಚಿಕ್ಕ ಮೈ ಜಾರಿಬಿಡಬಹುದು. ಅಂದರೆ ಮಗಳು 138 ಇದ್ದರೆ ದುಡ್ಡು ಕಡಿಮೆ, ಆಡಲು ಸಿಗುವ ಆಟವೂ ಕಡಿಮೆ. ಇದನ್ನು ಮನೆಯಲ್ಲೇ ಹೇಳಿಬಿಡಿ. ಅಲ್ಲಿ ಹೋಗಿ ಅಣ್ಣ ಹತ್ತಿದ ಆಟಕ್ಕೆ ತಂಗಿಯನ್ನು ಬಿಡದೆ ಇದ್ದರೆ ಅರ್ಧ ದಿನ ಅಳುವಿನಲ್ಲೇ ಹೋಗುತ್ತದೆ.

ಇನ್ನು ಲೆಕ್ಕ ಹಾಕೋಣ. ರೇಟು ದಿನದಿನಕ್ಕೂ ಬದಲಾಗುವುದರಿಂದ ನಾನು ಒಂದು ಅಂದಾಜು ಇಟ್ಟುಕೊಳ್ಳುತ್ತೇನೆ. ಇದು ಪಾರ್ಕಿನವರ ರೇಟಲ್ಲ, ಲೆಕ್ಕಕ್ಕೆ ಸುಲಭ ಆಗಲಿ ಅಂತ ನಾನೇ ಇಟ್ಟದ್ದು. ವಾರದ ನಡುವಿನ ದಿನ ದೊಡ್ಡವರಿಗೆ 1,500, ಮಕ್ಕಳಿಗೆ 1,200, ಹಿರಿಯರಿಗೆ 1,100 ಅಂದುಕೊಳ್ಳಿ. ಶನಿವಾರ, ಭಾನುವಾರ ಪ್ರತಿ ಟಿಕೆಟ್‌ಗೆ 200 ಜಾಸ್ತಿ ಅಂದುಕೊಳ್ಳಿ. ನಿಮ್ಮಲ್ಲಿ ನೀವು, ಯಜಮಾನರು, ನಾದಿನಿ, ಮಗ ಸೇರಿ ನಾಲ್ಕು ಜನ ದೊಡ್ಡವರು, 6,000. ಮಗಳಿಗೆ 1,200. ಅತ್ತೆಗೆ 1,100. ಮಗುವಿಗೆ ಇಲ್ಲ. ಒಟ್ಟು 8,300. ಅದೇ ಭಾನುವಾರ ಹೋದರೆ 9,500.

ಸಾವಿರದ ಇನ್ನೂರು ಉಳಿಯಿತು, ಸರಿ. ಆದರೆ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಅದಲ್ಲ. ಭಾನುವಾರ ಒಂದೊಂದು ಆಟಕ್ಕೂ ಮುಕ್ಕಾಲು ಗಂಟೆ ಸಾಲು. ನಾನು ಮಕ್ಕಳ ಜೊತೆ ಎಣಿಸಿದ್ದೇನೆ. ರಜೆಯ ಭಾನುವಾರ ಸಂಜೆಯವರೆಗೆ ಆರು ಆಟ ಸಿಕ್ಕಿದ್ದು. ಇನ್ನೊಂದು ವರ್ಷ ಬುಧವಾರ ಹೋದಾಗ ಹದಿನಾಲ್ಕು. 1,700 ಕೊಟ್ಟು ಆರು ಆಟ ಅಂದರೆ ಒಂದಕ್ಕೆ 283 ರೂಪಾಯಿ. 1,500 ಕೊಟ್ಟು ಹದಿನಾಲ್ಕು ಅಂದರೆ 107. ಟಿಕೆಟ್ ಅಗ್ಗವೋ ದುಬಾರಿಯೋ ಅನ್ನುವುದು ಟಿಕೆಟ್ ಮೇಲೆ ಬರೆದಿರುವುದಿಲ್ಲ, ಸಂಜೆ ಹೊರಗೆ ಬರುವಾಗ ಗೊತ್ತಾಗುತ್ತದೆ.

ಹಾಗಾಗಿ ಮಂಗಳವಾರ, ಬುಧವಾರ, ಗುರುವಾರ, ಈ ಮೂರರಲ್ಲಿ ಒಂದು ದಿನ ಆರಿಸಿ. ಯಜಮಾನರಿಗೆ ಒಂದು ದಿನ ರಜೆ ಹಾಕಲು ಆಗುತ್ತಾ ಕೇಳಿ. ಮೇ 1, ಬಸವ ಜಯಂತಿ ಇಂಥ ದಿನ ವಾರದ ನಡುವೆ ಬಂದರೆ ಅದು ಭಾನುವಾರದ ಅಣ್ಣ, ಬೇಡ.

ಫಾಸ್ಟ್‌ಟ್ರ್ಯಾಕ್ ವಿಷಯಕ್ಕೂ ಇದೇ ಉತ್ತರ. ಅದು ಸಾಲಿನಲ್ಲಿ ಬೇಗ ಬಿಡುವ ಟಿಕೆಟ್. ರೇಟು ಮಾಮೂಲಿಗಿಂತ ತುಂಬಾ ಜಾಸ್ತಿ. ಎರಡು ಪಟ್ಟು ಅಂದುಕೊಂಡರೂ ನಿಮ್ಮ 8,300 ಹೋಗಿ 16,600 ಆಗುತ್ತದೆ. ಬುಧವಾರ ಸಾಲೇ ಇಲ್ಲದ ಕಡೆ ಸಾಲು ತಪ್ಪಿಸಲು ದುಡ್ಡು ಕೊಟ್ಟ ಹಾಗೆ. ಭಾನುವಾರವೇ ಹೋಗಬೇಕು, ಬೇರೆ ದಾರಿಯೇ ಇಲ್ಲ ಅನ್ನುವವರು ಮಾತ್ರ ಯೋಚನೆ ಮಾಡಬೇಕು. ಆಗಲೂ ಮನೆಮಂದಿಗೆಲ್ಲ ಬೇಡ. ಅತ್ತೆಯವರು ಫಾಸ್ಟ್‌ಟ್ರ್ಯಾಕ್ ತಗೊಂಡು ಏನು ಮಾಡುತ್ತಾರೆ, ಬೆಂಚಿನ ಮೇಲೆ ಬೇಗ ಕೂರುತ್ತಾರಾ?

ಅತ್ತೆಯವರ ಮಾತು ಬಂತು. ಇದು ಸ್ವಲ್ಪ ಸೂಕ್ಷ್ಮ. ಒಳಗೆ ಹೋದ ಮೇಲೆ ನೀವು ಇಪ್ಪತ್ತು ಆಟ ಆಡಿದರೂ, ಚೀಲ ಕಾಯುತ್ತಾ ಕೂತರೂ ಒಂದೇ ಟಿಕೆಟ್. ಸುಮ್ನೆ ನೋಡುವವರಿಗೆ ಬೇರೆ ರೇಟಿಲ್ಲ. ಹಿರಿಯರಿಗೆ ಒಂದಿಷ್ಟು ಕಡಿಮೆ ಇದೆ, 60 ದಾಟಿದ್ದಕ್ಕೆ ಆಧಾರ್ ತೋರಿಸಬೇಕು, ಅಷ್ಟೇ. ನಿಮ್ಮ ಏಳು ಜನರಲ್ಲಿ ನಿಜವಾಗಿ ಆಡುವವರು ಯಾರು? ನೀವು, ಯಜಮಾನರು, ಇಬ್ಬರು ಮಕ್ಕಳು. ನಾದಿನಿ ಮಗುವನ್ನು ಎತ್ತಿಕೊಂಡೇ ಇರಬೇಕು. ನಾಲ್ಕೇ ಜನ ಒಳಗೆ ಹೋದರೆ 5,700. ಅಂದರೆ 2,600 ಉಳಿಯಿತು. ಯಾವ ಕೂಪನ್ ಇಷ್ಟು ಕೊಡುತ್ತದೆ ಹೇಳಿ?

ಆದರೆ ಆ 2,600 ಉಳಿಸಲು ಅವರನ್ನು ಮನೆಯಲ್ಲಿ ಬಿಟ್ಟು ಹೋಗಿ ಅಂತ ನಾನು ಹೇಳುವುದಿಲ್ಲ. ಮೊದಲು ಅವರನ್ನೇ ಕೇಳಿ. "ಮೊಮ್ಮಕ್ಕಳು ಆಡೋದು ನೋಡಬೇಕು" ಅಂದರೆ ಕರೆದುಕೊಂಡೇ ಹೋಗಿ, ನೆರಳಿನ ಬೆಂಚು ಬೇಕಾದಷ್ಟಿವೆ. "ಅಯ್ಯೋ ಆ ಬಿಸಿಲಲ್ಲಿ ನಾನೆಲ್ಲಿ ತಿರುಗಲಿ" ಅಂದರೆ ಇನ್ನೊಂದು ದಾರಿ ಇದೆ. ಅದೇ ಮೈಸೂರು ರಸ್ತೆಯಲ್ಲಿ ಇನ್ನೂ ಸ್ವಲ್ಪ ಮುಂದೆ, ರಾಮನಗರದ ಹತ್ತಿರ ಜಾನಪದ ಲೋಕ ಇದೆ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಬೀಸುವ ಕಲ್ಲು, ಒನಕೆ, ಗುಡಾಣ, ತೊಗಲುಗೊಂಬೆ ಎಲ್ಲ ಇಟ್ಟಿದ್ದಾರೆ. ನಮ್ಮ ತಾಯಿಯನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಒಂದೊಂದು ಸಾಮಾನಿನ ಮುಂದೆಯೂ ನಿಂತು "ಇದು ನಮ್ಮನೇಲಿತ್ತು" ಅಂತ ಕಥೆ ಹೇಳಿ ಎರಡು ಗಂಟೆ ತಗೊಂಡರು. ಟಿಕೆಟ್ ರೇಟು ವಂಡರ್‌ಲಾಗೆ ಹೋಲಿಸಿದರೆ ಏನೂ ಅಲ್ಲ. ನಿಮ್ಮದು ಬಾಡಿಗೆ ವಾಹನವಾದರೆ ನಾಲ್ವರನ್ನು ಇಳಿಸಿ, ಅತ್ತೆ, ನಾದಿನಿ, ಮಗುವನ್ನು ಅಲ್ಲಿಗೆ ಕರೆದೊಯ್ಯಬಹುದು. ಅಡಚಣೆ ಒಂದೇ. ಜಾನಪದ ಲೋಕ ನೋಡುವುದು ಮಧ್ಯಾಹ್ನಕ್ಕೆ ಮುಗಿಯುತ್ತದೆ, ನಿಮ್ಮ ಮಕ್ಕಳು ಸಂಜೆಗೆ ಮೊದಲು ಹೊರಗೆ ಬರುವುದಿಲ್ಲ. ನಡುವಿನ ಆ ಮೂರು ಗಂಟೆ ಮಗುವಿನ ಜೊತೆ ಎಲ್ಲಿ ಕಳೆಯುವುದು ಅಂತ ಮೊದಲೇ ಯೋಚಿಸಿ.

ನಿಮ್ಮ ಮಗನ ಕೈಯಲ್ಲಿ ಒಂದು ಕಾಗದ ಇದೆ, ಅದನ್ನು ಬಿಸಾಕಿಲ್ಲ ತಾನೇ? ಪಿಯುಸಿ ಹಾಲ್ ಟಿಕೆಟ್. ಪರೀಕ್ಷೆ ಬರೆದ ಮಕ್ಕಳಿಗೆ ಬೇಸಿಗೆಯಲ್ಲಿ ಹಾಲ್ ಟಿಕೆಟ್ ಮೇಲೆ ರಿಯಾಯಿತಿ ಕೊಟ್ಟದ್ದುಂಟು, ಕಾಲೇಜು ಐಡಿ ಕಾರ್ಡಿಗೂ ಕೊಟ್ಟದ್ದುಂಟು. ಬುಕ್ ಮಾಡುವ ದಿನ ಪಾರ್ಕಿನ ಸ್ವಂತ ವೆಬ್‌ಸೈಟಿನಲ್ಲಿ ಆಫರ್ ಪುಟ ತೆರೆದು ನೋಡಿ. ಎರಡು ಆಫರ್ ಒಟ್ಟಿಗೆ ಸೇರಿಸಲು ಆಗುವುದಿಲ್ಲ, ಜಾಸ್ತಿ ಉಳಿಯುವುದನ್ನು ಆರಿಸಿ. ಐದರಲ್ಲಿ ಒಂದು ಪಾಲು ಬಿಟ್ಟರೂ ನನ್ನ ಅಂದಾಜು ರೇಟಿಗೆ 300 ಆಯಿತು. ಅಸಲು ಕಾಗದ ಜೊತೆಗಿರಲಿ. ಫೋಟೊ ತೋರಿಸಿ ವಾದ ಮಾಡುವವರನ್ನು ಬಾಗಿಲಲ್ಲಿ ಪ್ರತಿ ಸಲ ನೋಡುತ್ತೇನೆ.

ಕೂಪನ್ ಬಗ್ಗೆ ನನಗೆ ಒಳ್ಳೆಯ ನೆನಪಿಲ್ಲ, ಹೇಳಿಬಿಡುತ್ತೇನೆ. ಯಾವುದೋ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು "ಆಫೀಸಿನಲ್ಲಿ ಬಲ್ಕ್ ತಗೊಂಡಿದ್ವಿ, ನಾಲ್ಕು ಉಳಿದಿದೆ, ಅರ್ಧ ರೇಟು" ಅಂದರು. ಆಸೆಗೆ ಬಿದ್ದೆ. ಅಣ್ಣನ ಮಕ್ಕಳನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ತೋರಿಸಿದರೆ ಆ ಕ್ಯೂಆರ್ ಕೋಡ್ ಬೆಳಿಗ್ಗೆಯೇ ಬಳಕೆಯಾಗಿತ್ತು. ಒಂದೇ ಟಿಕೆಟ್‌ನ ಫೋಟೊ ಎಷ್ಟು ಜನಕ್ಕೆ ಮಾರಿದ್ದರೋ. ಮಕ್ಕಳು ಮುಖ ನೋಡುತ್ತಿದ್ದವು. ಮತ್ತೆ ಪೂರ್ತಿ ದುಡ್ಡು ಕೊಟ್ಟು ನಾಲ್ಕು ಟಿಕೆಟ್ ತಗೊಂಡೆ. ಅರ್ಧ ಉಳಿಸಲು ಹೋಗಿ ಒಂದೂವರೆ ಪಟ್ಟು ಕೊಟ್ಟ ಹಾಗಾಯಿತು. ಅಂದಿನಿಂದ ಪಾರ್ಕಿನ ಸ್ವಂತ ವೆಬ್‌ಸೈಟು ಅಥವಾ ಅಲ್ಲಿಯ ಕೌಂಟರು, ಎರಡೇ.

ಬುಕ್ ಮಾಡುವಾಗ ಮೊದಲ ಪುಟದ ರೇಟು ನೋಡಿ ಹಿಗ್ಗಬೇಡಿ. ಕೊನೆಯಲ್ಲಿ ದುಡ್ಡು ಕಟ್ಟುವ ಪುಟದ ಮೊತ್ತವೇ ಮೊತ್ತ. ಥೀಮ್ ಪಾರ್ಕ್ ಟಿಕೆಟ್ ಮೇಲೆ ಜಿಎಸ್‌ಟಿ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ 28% ಹಾಕಿದ್ದರು, 2018ರ ಜನವರಿಯಲ್ಲಿ 18%ಗೆ ಇಳಿಸಿದರು. ತೆರಿಗೆ ಸೇರಿಸದೆ 1,500 ಅಂತ ತೋರಿಸಿದ್ದರೆ ಕೊನೆಗೆ 1,770 ಆಗುತ್ತದೆ. ಆರು ಟಿಕೆಟ್ ಅಂದರೆ ಒಂದು ಟಿಕೆಟ್ಟೇ ಜಾಸ್ತಿ ಕೊಂಡ ಹಾಗೆ. ಎರಡು ಕಡೆಯ ರೇಟು ಹೋಲಿಸುವಾಗ ಎರಡೂ ಕಡೆ ಕೊನೆಯ ಪುಟ ನೋಡಿ.

ಯಾವಾಗ ಬುಕ್ ಮಾಡಬೇಕು? ಇಲ್ಲಿ ಮಳೆ ಅಡ್ಡ ಬರುತ್ತದೆ. ಏಪ್ರಿಲ್ ಕೊನೆಯಿಂದ ಭರಣಿ ಮಳೆ, ಆಮೇಲೆ ಕೃತ್ತಿಕೆ. ನಮ್ಮ ಕಡೆ ಇವು ಮಧ್ಯಾಹ್ನ ಮೂರರ ಮೇಲೆ ಗುಡುಗು ಸಮೇತ ಬರುವ ಮಳೆಗಳು. ಮಿಂಚು ಕಂಡರೆ ಎತ್ತರದ ಆಟ, ನೀರಿನ ಆಟ ಎರಡನ್ನೂ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ಅದಕ್ಕೆ ದುಡ್ಡು ವಾಪಸ್ ಕೇಳಲು ಆಗುವುದಿಲ್ಲ. ತಿಂಗಳ ಮುಂಚೆ ಬುಕ್ ಮಾಡಿದರೆ ನೂರಿನ್ನೂರು ಕಡಿಮೆ ಸಿಗಬಹುದು, ಆದರೆ ತಾರೀಖು ಕಟ್ಟಿಹಾಕಿದ ಹಾಗೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ, ಜ್ವರ ಯಾವಾಗ ಬರುತ್ತೋ. ನಾನಾದರೆ ಎರಡು ಮೂರು ದಿನ ಮುಂಚೆ ಹವಾಮಾನ ನೋಡಿ ಬುಕ್ ಮಾಡುತ್ತೇನೆ. ತಾರೀಖು ಬದಲಿಸುವ ಅವಕಾಶ ಇದೆಯಾ ಅಂತ ದುಡ್ಡು ಕಟ್ಟುವ ಮೊದಲು ಓದಿ. ಸಾಧ್ಯವಾದರೆ ಏಪ್ರಿಲ್ ಎರಡನೇ ವಾರವೇ ಹೋಗಿಬಿಡಿ. ಮಗುವಿನ ಎತ್ತರಕ್ಕೂ ಅದೇ ಒಳ್ಳೆಯದು!

ಊಟದ ಕಾಂಬೊ ಬಗ್ಗೆ ಜಗಳ ಬೇಡ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ನಿಮ್ಮ ಚಿತ್ರಾನ್ನದ ಡಬ್ಬಿ ಗಾಡಿಯಲ್ಲೇ ಇರಬೇಕು. ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ. ಕಾಂಬೊ ಲಾಭ ಆಗುವುದು ತಟ್ಟೆ ತುಂಬ ತಿನ್ನುವವರಿಗೆ. ನಿಮ್ಮ ಮನೆಯಲ್ಲಿ ಅದು ಮಗ ಒಬ್ಬನೇ ಇರಬಹುದು. ನೀರಲ್ಲಿ ಆಡುವ ಮಕ್ಕಳು ಊಟಕ್ಕೆ ಕೂತರೂ ಕಣ್ಣೆಲ್ಲ ಆಟದ ಮೇಲೇ. ಎರಡು ತುತ್ತು ತಿಂದು ಓಡುತ್ತಾರೆ. ಬೇಕಾದ್ದನ್ನು ಬಿಡಿಯಾಗಿ ಕೊಂಡರೆ ಸಾಕು. ಕುಡಿಯುವ ನೀರು ಒಳಗೆ ಉಚಿತ ಸಿಗುತ್ತದೆ, ಖಾಲಿ ಬಾಟಲಿ ಒಂದೆರಡು ಇಟ್ಟುಕೊಳ್ಳಿ.

ಅದಕ್ಕಿಂತ ಒಳ್ಳೆಯ ಉಪಾಯ ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗುವುದು. ಪಾರ್ಕ್ ತೆರೆಯುವುದು ಸಾಮಾನ್ಯವಾಗಿ 11ಕ್ಕೆ. ಹತ್ತರ ಸುಮಾರಿಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಿ. ಕ್ಯಾತ್ಸಂದ್ರದವರಿಗೆ ಬಿಡದಿ ತಟ್ಟೆ ಇಡ್ಲಿ ತಿನ್ನಿ ಅನ್ನೋದಕ್ಕೆ ಧೈರ್ಯ ಬೇಕು, ಗೊತ್ತು. ನಾನೂ ತುಮಕೂರಿನವನೇ, ನಮ್ಮದೇ ಮೆತ್ತಗೆ ಅಂತ ನನ್ನ ತೀರ್ಪು. ಆದರೂ ಬೆಣ್ಣೆ ಹಾಕಿದ ಎರಡು ಇಡ್ಲಿ ಮಧ್ಯಾಹ್ನ ಎರಡರವರೆಗೆ ಎಳೆಯುತ್ತದೆ.

ಬಟ್ಟೆಯಲ್ಲೂ ದುಡ್ಡು ಜಾರುತ್ತದೆ. ನೀರಿನ ಆಟಗಳಿಗೆ ನೈಲಾನ್ ಥರದ ಬಟ್ಟೆಯೇ ಆಗಬೇಕು. ಸೀರೆ, ಹತ್ತಿ ಚೂಡಿದಾರ್, ಜೀನ್ಸ್ ನಡೆಯುವುದಿಲ್ಲ. ತಿಳಿಯದೆ ಹೋದವರು ಅಲ್ಲೇ ಕೊಳ್ಳುತ್ತಾರೆ, ನಾಲ್ಕು ಜನಕ್ಕೆ ಅಂದರೆ ಇನ್ನೊಂದು ಟಿಕೆಟ್ಟಿನ ದುಡ್ಡು. ನಮ್ಮ ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ನೈಲಾನ್ ಲೆಗ್ಗಿಂಗ್ಸು, ಟೀ ಶರ್ಟು ತಗೊಳ್ಳಿ. ಲಾಕರ್ ಮನೆಗೊಂದು ಸಾಕು.

ದಾರಿ ಖರ್ಚನ್ನು ಜನ ಟಿಕೆಟ್ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಕಾರಿನಲ್ಲಾದರೆ ನೆಲಮಂಗಲ ದಾಟಿ ಮಾದಾವರದಲ್ಲಿ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಬರುವುದು ಒಂದು ದಾರಿ. ಬೇಗ ಆಗುತ್ತದೆ, ಆದರೆ ಹೆದ್ದಾರಿ ಟೋಲ್ ಬೇರೆ, ನೈಸ್ ಟೋಲ್ ಬೇರೆ. ಮಾಗಡಿ ಮೇಲೆ ಬಿಡದಿಗೆ ಬರುವುದು ಇನ್ನೊಂದು. ತಿರುವು ಜಾಸ್ತಿ, ಟೋಲ್ ಕಮ್ಮಿ. ನಾನು ಹೋಗುವಾಗ ಮಾಗಡಿ ದಾರಿ ಹಿಡಿಯುತ್ತೇನೆ. ನೇರ ಬಿಡದಿ ಊರಿಗೇ ಬರುತ್ತೀರಿ, ಇಡ್ಲಿ ತಿಂದು ಬೆಂಗಳೂರು ಕಡೆಗೆ ಸ್ವಲ್ಪ ವಾಪಸ್ ಬಂದರೆ ಪಾರ್ಕ್.

ಬಸ್ಸಾದರೆ ನಿಮ್ಮ ಮನೆಗೆ ನಿಜವಾದ ಲಾಭ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸು ಉಚಿತ. ನೀವು, ಅತ್ತೆ, ನಾದಿನಿ, ಮಗಳು, ನಾಲ್ಕು ಜನಕ್ಕೆ ಬೆಂಗಳೂರಿನವರೆಗೂ ಟಿಕೆಟ್ ದುಡ್ಡಿಲ್ಲ, ಅಲ್ಲಿಂದ ಬಿಡದಿ ಕಡೆಗೆ ಹೋಗುವ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲೂ ಇಲ್ಲ. ದುಡ್ಡು ಕೊಡುವವರು ಯಜಮಾನರು, ಮಗ ಇಬ್ಬರೇ. ಟ್ರಾಫಿಕ್ ಬೇಡ ಅಂದರೆ ಮೆಟ್ರೊ ಇದೆ. ಹಸಿರು ಮಾರ್ಗ 2024ರ ನವೆಂಬರ್‌ನಿಂದ ತುಮಕೂರು ರಸ್ತೆಯ ಮಾದಾವರಕ್ಕೇ ಬಂದಿದೆ. ಅಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಚಲ್ಲಘಟ್ಟದಲ್ಲಿ ಇಳಿದು ಬಸ್ಸು ಹಿಡಿಯುವುದು. ಮೆಟ್ರೊದಲ್ಲಿ ಎಲ್ಲರಿಗೂ ದುಡ್ಡು. ಮಂಡಿ ನೋವಿನವರು, ಮಗು ಇರುವಾಗ ಮೂರು ಕಡೆ ಇಳಿದು ಹತ್ತುವುದು ನನಗಂತೂ ಬೇಡ ಅನ್ನಿಸುತ್ತದೆ. ಅತ್ತೆಯವರು ಬಂದರೆ ವಾಹನ ಮಾಡಿ. ನಾಲ್ವರೇ ಹೋಗುವುದಾದರೆ ಬಸ್ಸು.

ನಿಮ್ಮ ಪತ್ರದಲ್ಲಿ ಮಗಳ ಎತ್ತರ ಇಲ್ಲ. ಅವಳು 140 ದಾಟಿದ್ದರೆ ನಾನು ಕೊಟ್ಟ ಮೊತ್ತಕ್ಕೆ 300 ಸೇರಿಸಿಕೊಳ್ಳಿ. ಮಗು 85 ದಾಟಿದ್ದರೆ 1,200.